ಹೃದಯದ ಮಾತು – 17: ಎಪ್ಸಮ್ ಸಾಲ್ಟ್ ಬರೀ ಉಪ್ಪಲ್ಲ, ಅದು ಔಷಧಿ



ಕಳೆದ ಎರಡು ತಿಂಗಳಿಂದ ನಿಮ್ಮಲ್ಲಿ ಹಲವರು ಒಂದೇ ಮೆಸೇಜನ್ನು ನನಗೆ ಕಳುಹಿಸಿ, "ಡಾಕ್ಟ್ರೇ, ಇದು ನಿಜವೇ?" ಎಂದು ಕೇಳುತ್ತಿದ್ದೀರಿ. ಎಪ್ಸಮ್ ಸಾಲ್ಟ್ ಕುಡಿದು, ರಾತ್ರಿ ಆಲಿವ್ ಎಣ್ಣೆಗೆ ನಿಂಬೆರಸ ಬೆರೆಸಿ ಕುಡಿದರೆ ಲಿವರ್ ಶುದ್ಧವಾಗುತ್ತದೆ, ಪಿತ್ತಕೋಶದ ಕಲ್ಲುಗಳೆಲ್ಲ ಬೆಳಿಗ್ಗೆ ಹೊರಗೆ ಬೀಳುತ್ತವೆ ಎನ್ನುವ ಮೆಸೇಜ್ ಅದು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಇವತ್ತಿನ ಪಾಠವನ್ನೇ ಅದಕ್ಕಾಗಿ ಇಟ್ಟಿದ್ದೇನೆ. ಸ್ವಲ್ಪ ಉದ್ದವಾಗಿದೆ. ಮನೆಯಲ್ಲಿ ವಯಸ್ಸಾದವರು, ಶುಗರ್ ಇರುವವರು, ಕಿಡ್ನಿ ತೊಂದರೆ ಇರುವವರು ಇದ್ದರೆ ದಯವಿಟ್ಟು ಪೂರ್ತಿ ಓದಿ.

*ಮೊದಲು ಒಂದು ಘಟನೆ*

ನಾನು ಕೆಲಸ ಮಾಡುವುದು ಕೋಲ್ಕತ್ತಾದ ಸೆಕ್ಟರ್ ಫೈವ್ ಪಕ್ಕದಲ್ಲಿ. ಇಲ್ಲಿನ ಐಟಿ ಕಂಪನಿಗಳಲ್ಲಿ ನಮ್ಮ ಕರ್ನಾಟಕದ ಹುಡುಗ ಹುಡುಗಿಯರೂ ಇದ್ದಾರೆ. ಊರಿನಿಂದ ಅಪ್ಪ ಅಮ್ಮ ಬಂದು ಒಂದೆರಡು ತಿಂಗಳು ಇದ್ದು ಹೋಗುತ್ತಾರೆ. ಹಾಗೆ ದಾವಣಗೆರೆ ಕಡೆಯಿಂದ ಬಂದಿದ್ದ ತಾಯಿಯೊಬ್ಬರನ್ನು ಮಗ ಒಂದು ಬೆಳಿಗ್ಗೆ ತುರ್ತು ವಿಭಾಗಕ್ಕೆ ಕರೆದುಕೊಂಡು ಬಂದ. (ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಬರೆಯುತ್ತಿದ್ದೇನೆ.)

ವಯಸ್ಸು 68. ಹದಿನೈದು ವರ್ಷದಿಂದ ಶುಗರ್, ಜೊತೆಗೆ ಬಿಪಿ. ಕಿಡ್ನಿ ಸ್ವಲ್ಪ ಕುಗ್ಗಿದೆ ಎಂದು ಊರಿನ ಡಾಕ್ಟರು ಹಿಂದೆಯೇ ಹೇಳಿದ್ದರು. ಬಂದಾಗ ಕರೆದರೆ ಕಣ್ಣು ಬಿಡುತ್ತಿದ್ದರು, ಮತ್ತೆ ಮಂಪರಿಗೆ ಜಾರುತ್ತಿದ್ದರು. ಕೈ ಎತ್ತಲು ಶಕ್ತಿಯಿಲ್ಲ. ನಾಡಿ ನಿಮಿಷಕ್ಕೆ 38. ಬಿಪಿ 80ರ ಆಸುಪಾಸು. ಮಂಡಿಯ ಕೆಳಗೆ ಸುತ್ತಿಗೆಯಿಂದ ತಟ್ಟಿದರೆ ಕಾಲು ಚಿಮ್ಮಬೇಕು, ಚಿಮ್ಮಲಿಲ್ಲ.

ಮೊದಲು ಹಾರ್ಟ್ ಅಟ್ಯಾಕ್ ಇರಬಹುದೆಂದು ನೋಡಿದೆವು, ಅಲ್ಲ. ಶುಗರ್ ಇಳಿದಿದೆಯೇ ಎಂದು ನೋಡಿದೆವು, ಇಲ್ಲ. ಆಗ ಮಗನನ್ನು, "ಅಮ್ಮ ನಿನ್ನೆ ಹೊಸದಾಗಿ ಏನಾದರೂ ತಗೊಂಡ್ರಾ?" ಎಂದು ಕೇಳಿದೆ. ಅವನು ಮೊಬೈಲ್ ತೆಗೆದು ತೋರಿಸಿದ್ದು ಇದೇ ಮೆಸೇಜ್. ಊರಿನ ಗ್ರೂಪಿನಲ್ಲಿ ಬಂದಿತ್ತು. ಆನ್‌ಲೈನಿನಲ್ಲಿ ಪ್ಯಾಕೆಟ್ ತರಿಸಿದ್ದರು. ಹಿಂದಿನ ಸಂಜೆಯಿಂದ ಬೆಳಗಿನೊಳಗೆ ನಾಲ್ಕು ದೊಡ್ಡ ಚಮಚ ಕುಡಿದಿದ್ದರು.

"ಅದು ಉಪ್ಪಲ್ವಾ ಡಾಕ್ಟ್ರೇ? ಉಪ್ಪಿನಿಂದ ಹೀಗಾಗುತ್ತಾ?" ಎಂದ ಆ ಹುಡುಗ.

ರಕ್ತದಲ್ಲಿ ಮೆಗ್ನೀಸಿಯಂ 9.6 ಇತ್ತು. ಇರಬೇಕಾದದ್ದು ಸುಮಾರು 1.7ರಿಂದ 2.2. ಕೂಡಲೇ ನರದ ಮೂಲಕ ಕ್ಯಾಲ್ಸಿಯಂ ಕೊಟ್ಟು, ಡಯಾಲಿಸಿಸ್ ಮಾಡಿಸಿದೆವು. ಅವರು ಬದುಕಿದರು, ಆರನೇ ದಿನ ನಡೆದುಕೊಂಡು ಮನೆಗೆ ಹೋದರು. ಮೂರು ನಾಲ್ಕು ಗಂಟೆ ತಡವಾಗಿದ್ದರೆ ಏನಾಗುತ್ತಿತ್ತೋ ಹೇಳಲಾರೆ.

ಆ ಹುಡುಗನ ಪ್ರಶ್ನೆಗೆ ಉತ್ತರವೇ ಇವತ್ತಿನ ಲೇಖನ.

*ಇದು ಯಾವ ಉಪ್ಪು?*

ನಾವು ಅಡುಗೆಗೆ ಹಾಕುವ ಉಪ್ಪು ಸೋಡಿಯಂ ಕ್ಲೋರೈಡ್. ಎಪ್ಸಮ್ ಸಾಲ್ಟ್ ಬೇರೆಯೇ ವಸ್ತು, ಮೆಗ್ನೀಸಿಯಂ ಸಲ್ಫೇಟ್. ರಸಾಯನಶಾಸ್ತ್ರದಲ್ಲಿ ಆಮ್ಲ ಮತ್ತು ಕ್ಷಾರ ಸೇರಿ ಉಂಟಾಗುವುದಕ್ಕೆಲ್ಲ "ಲವಣ" ಎನ್ನುತ್ತಾರೆ. ಮೈಲುತುತ್ತವೂ ಒಂದು ಲವಣವೇ. ಅದನ್ನು ಯಾರೂ ಸಾರಿಗೆ ಹಾಕುವುದಿಲ್ಲ! ಹೆಸರಿನಲ್ಲಿ "ಸಾಲ್ಟ್" ಇದ್ದ ಮಾತ್ರಕ್ಕೆ ಅದು ತಿನ್ನುವ ವಸ್ತು ಆಗುವುದಿಲ್ಲ. ಸೈಂಧವ ಲವಣಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಮುಖ್ಯವಾಗಿ ಸೋಡಿಯಂ ಕ್ಲೋರೈಡೇ.

ನೋಡಲು ಬಣ್ಣವಿಲ್ಲದ ಸಣ್ಣ ಹರಳು, ದಪ್ಪ ಸಕ್ಕರೆಯಂತೆ. ನೀರಿನಲ್ಲಿ ಬೇಗ ಕರಗುತ್ತದೆ. ನಾಲಿಗೆಗೆ ಕಹಿ. ಪ್ರತಿ ಮೆಗ್ನೀಸಿಯಂ ಸಲ್ಫೇಟಿನ ಜೊತೆ ಏಳು ನೀರಿನ ಅಣುಗಳು ಹರಳಿನೊಳಗೆ ಸೇರಿಕೊಂಡಿರುತ್ತವೆ. ಆದ್ದರಿಂದ ಒಣಗಿದಂತೆ ಕಂಡರೂ ಅದರ ತೂಕದಲ್ಲಿ ಅರ್ಧದಷ್ಟು ನೀರೇ. ಒಣಹವೆಯಲ್ಲಿ ತೆರೆದಿಟ್ಟರೆ ಆ ನೀರು ಸ್ವಲ್ಪ ಸ್ವಲ್ಪವಾಗಿ ಹೋಗಿ ಹರಳಿನ ಮೇಲೆ ಬಿಳಿ ಪುಡಿ ಕೂರುತ್ತದೆ.

ಒಂದು ಲೆಕ್ಕ ನೆನಪಿಡಿ. ಇದರಲ್ಲಿ ಮೆಗ್ನೀಸಿಯಂ ಪಾಲು ಸುಮಾರು ಶೇ. 10. ಒಂದು ದೊಡ್ಡ ಚಮಚ ಎಂದರೆ ಸುಮಾರು 15 ಗ್ರಾಂ, ಅದರಲ್ಲಿ 1,500 ಮಿಲಿಗ್ರಾಂ ಮೆಗ್ನೀಸಿಯಂ. ನಮ್ಮ ದೇಹಕ್ಕೆ ಇಡೀ ದಿನಕ್ಕೆ ಬೇಕಾದದ್ದು ಸುಮಾರು 350ರಿಂದ 450 ಮಿಲಿಗ್ರಾಂ. ಆ ತಾಯಿ ಒಂದು ರಾತ್ರಿಯಲ್ಲಿ ಸುಮಾರು 6,000 ಮಿಲಿಗ್ರಾಂ ಕುಡಿದಿದ್ದರು.

*ಎಲ್ಲಿಂದ ಬರುತ್ತದೆ?*

ಎಪ್ಸಮ್ ಎನ್ನುವುದು ಇಂಗ್ಲೆಂಡಿನಲ್ಲಿ ಲಂಡನ್ನಿಗೆ ಹತ್ತಿರದ ಒಂದು ಊರು. 1618ರಲ್ಲಿ ಅಲ್ಲೊಬ್ಬ ದನಗಾಹಿಯ ಹಸುಗಳು ಬಾಯಾರಿದ್ದರೂ ಒಂದು ಹೊಂಡದ ನೀರಿಗೆ ಬಾಯಿ ಹಾಕಲಿಲ್ಲವಂತೆ, ನೀರು ಅಷ್ಟು ಕಹಿ. ಆ ನೀರು ಕುಡಿದರೆ ಭೇದಿಯಾಗುತ್ತದೆಂದು ಗೊತ್ತಾಗಿ ಜನ ಅಲ್ಲಿಗೆ ಬರತೊಡಗಿದರು. 1695ರಲ್ಲಿ ನೆಹೆಮಯಾ ಗ್ರೂ ಎಂಬ ವೈದ್ಯ ಈ ಕಹಿ ಲವಣದ ಬಗ್ಗೆ ಪುಸ್ತಕವನ್ನೇ ಬರೆದ. ನಮ್ಮಲ್ಲಿಯೂ ಹಳಬರು ಇದನ್ನು "ಭೇದಿ ಉಪ್ಪು" ಎಂದೇ ಕರೆಯುತ್ತಿದ್ದರು. ಹೆಸರಿನಲ್ಲೇ ಅದರ ಕೆಲಸ ಇದೆ.

ಈಗ ಇದನ್ನು ಮುಖ್ಯವಾಗಿ ಮೂರು ರೀತಿಯಲ್ಲಿ ತಯಾರಿಸುತ್ತಾರೆ.

1️⃣ ಮ್ಯಾಗ್ನೆಸೈಟ್ ಎಂಬ ಬಿಳಿ ಕಲ್ಲಿನಿಂದ. ಇದು ಮೆಗ್ನೀಸಿಯಂ ಕಾರ್ಬೊನೇಟ್. ತಮಿಳುನಾಡಿನ ಸೇಲಂ ಬಳಿಯ ಚಾಕ್ ಹಿಲ್ಸ್ ಇದಕ್ಕೆ ಹೆಸರುವಾಸಿ. ನಮ್ಮ ಮೈಸೂರು ಜಿಲ್ಲೆಯಲ್ಲೂ ಈ ಕಲ್ಲು ಸಿಗುತ್ತದೆ. ಪುಡಿ ಮಾಡಿದ ಕಲ್ಲಿಗೆ ಗಂಧಕಾಮ್ಲ ಸೇರಿಸಿದರೆ ನೊರೆಯುಕ್ಕಿ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ, ಮೆಗ್ನೀಸಿಯಂ ಸಲ್ಫೇಟ್ ನೀರಿನಲ್ಲಿ ಉಳಿಯುತ್ತದೆ. ಸೋಸಿ, ಕಾಯಿಸಿ, ಆರಿಸಿದರೆ ಹರಳು ಕಟ್ಟುತ್ತದೆ.

2️⃣ ಸಮುದ್ರದ ನೀರಿನಿಂದ. ಉಪ್ಪಿನ ಗದ್ದೆಯಲ್ಲಿ ಅಡುಗೆ ಉಪ್ಪು ಹರಳುಗಟ್ಟಿದ ಮೇಲೆ ಉಳಿಯುವ ಕಹಿ ನೀರಿನಲ್ಲಿ ಮೆಗ್ನೀಸಿಯಂ ಲವಣಗಳು ಹೇರಳ. ಅದನ್ನೂ ಸಂಸ್ಕರಿಸುತ್ತಾರೆ.

3️⃣ ನೆಲದಡಿಯ ಗಣಿಯಿಂದ. ಜರ್ಮನಿಯಲ್ಲಿ ಕೀಸರೈಟ್ ಎಂಬ ಖನಿಜವಾಗಿಯೇ ಸಿಗುತ್ತದೆ.

ಸಿಕ್ಕಿದ್ದೆಲ್ಲ ಒಂದೇ ಶುದ್ಧತೆಯಲ್ಲಿ ಇರುವುದಿಲ್ಲ. ಗೊಬ್ಬರದ ದರ್ಜೆ ಬೇರೆ, ಕೈಗಾರಿಕೆಯ ದರ್ಜೆ ಬೇರೆ, ಔಷಧಿಯ ದರ್ಜೆ ಬೇರೆ. ಆನ್‌ಲೈನಿನಲ್ಲಿ ಸ್ನಾನಕ್ಕೆಂದು ಮಾರುವ ಪ್ಯಾಕೆಟ್ಟೂ, ತೋಟಕ್ಕೆಂದು ಮಾರುವ ಮೂಟೆಯೂ ಕುಡಿಯಲು ಮಾಡಿದ್ದಲ್ಲ.

*ತೋಟದಲ್ಲಿ ಇದರ ಕೆಲಸ*

ಊರಲ್ಲಿ ಅಡಿಕೆ, ತೆಂಗು, ತರಕಾರಿ ಬೆಳೆಯುವವರಿಗೆ ಇದು ಹೊಸದಲ್ಲ. ಎಲೆಯ ಹಸಿರಿನ ಕೇಂದ್ರದಲ್ಲಿರುವುದೇ ಮೆಗ್ನೀಸಿಯಂ. ಮಳೆ ಹೆಚ್ಚು ಬೀಳುವ ಮಲೆನಾಡು, ಕರಾವಳಿಯ ಹುಳಿ ಮಣ್ಣಿನಲ್ಲಿ ಅದು ಕೊಚ್ಚಿಹೋಗುತ್ತದೆ. ಆಗ ಹಳೆಯ ಎಲೆಗಳಲ್ಲಿ ನರ ಹಸಿರಾಗಿಯೇ ಇದ್ದು ನಡುವಿನ ಭಾಗ ಹಳದಿಯಾಗುತ್ತದೆ. ಅದಕ್ಕೆ ಮೆಗ್ನೀಸಿಯಂ ಸಲ್ಫೇಟ್ ಕೊಡುತ್ತಾರೆ, ಜೊತೆಗೆ ಗಂಧಕವೂ ಸಿಗುತ್ತದೆ. ಆದರೆ ಅಡಿಕೆಯ ಹಳದಿ ಎಲೆ ರೋಗ ಬೇರೆ, ಅದು ಇದರಿಂದ ವಾಸಿಯಾಗುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ ಹಾಕುವುದು ಒಳ್ಳೆಯದು. ಗಿಡಕ್ಕೇ ಪರೀಕ್ಷೆ ಬೇಕೆಂದ ಮೇಲೆ ಮನುಷ್ಯರಿಗೆ ಬೇಡವೇ?

*ಆಸ್ಪತ್ರೆಯಲ್ಲಿ ಇದು ಜೀವ ಉಳಿಸುತ್ತದೆ*

ಇಷ್ಟು ಓದಿ ಇದನ್ನು ವಿಷ ಎಂದುಕೊಳ್ಳಬೇಡಿ. ನಮ್ಮ ತುರ್ತು ವಿಭಾಗದ ಕಪಾಟಿನಲ್ಲಿ ಇದರ ಇಂಜೆಕ್ಷನ್ ಸದಾ ಇರಲೇಬೇಕು.

👉 *ಗರ್ಭಿಣಿಯರಿಗೆ.* ಬಸಿರಿನಲ್ಲಿ ಬಿಪಿ ವಿಪರೀತ ಏರಿ ಫಿಟ್ಸ್ ಬರುವುದುಂಟು, ನಂಜು ಎಂದು ಊರ ಕಡೆ ಹೇಳುತ್ತಾರೆ. ತಾಯಿ ಮಗು ಇಬ್ಬರ ಪ್ರಾಣಕ್ಕೂ ಅಪಾಯ. 2002ರಲ್ಲಿ ಪ್ರಕಟವಾದ ಮ್ಯಾಗ್‌ಪೈ ಅಧ್ಯಯನದಲ್ಲಿ 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಗರ್ಭಿಣಿಯರು ಪಾಲ್ಗೊಂಡಿದ್ದರು. ಮೆಗ್ನೀಸಿಯಂ ಸಲ್ಫೇಟ್ ಪಡೆದವರಲ್ಲಿ ಫಿಟ್ಸ್ ಬರುವ ಸಂಭವ ಅರ್ಧಕ್ಕಿಂತಲೂ ಕಡಿಮೆಯಾಯಿತು. ನಮ್ಮ ದೇಶದಲ್ಲಿ ಹಳ್ಳಿಯ ಆರೋಗ್ಯ ಸಹಾಯಕಿಯೂ ಮೊದಲ ಡೋಸ್ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳುಹಿಸಲು ಅವಕಾಶವಿದೆ.

👉 *ಹೃದಯಕ್ಕೆ.* ಒಂದು ಬಗೆಯ ಅಪಾಯಕಾರಿ ಬಡಿತದಲ್ಲಿ ಇಸಿಜಿಯ ಗೆರೆ ಹಗ್ಗ ಹೊಸೆದ ಹಾಗೆ ತಿರುಚಿಕೊಳ್ಳುತ್ತದೆ. 1966ರಲ್ಲಿ ಫ್ರಾನ್ಸಿನ ಡೆಸರ್ಟೆನ್ ಎಂಬ ವೈದ್ಯರು ಅದಕ್ಕೆ "ಟೊರ್ಸಾಡ್" ಎಂದು ಹೆಸರಿಟ್ಟರು, ತಿರುಚು ಎಂದೇ ಅರ್ಥ. ರೋಗಿ ತಟ್ಟನೆ ಕುಸಿದು ಬೀಳಬಹುದು. ಆಗ ನಾವು ನರದ ಮೂಲಕ ಕೊಡುವುದು 2 ಗ್ರಾಂ ಮೆಗ್ನೀಸಿಯಂ ಸಲ್ಫೇಟ್. ಕೆಲವೇ ನಿಮಿಷದಲ್ಲಿ ಗೆರೆ ನೇರ್ಪಡುವುದನ್ನು ಎಷ್ಟೋ ಸಲ ನೋಡಿದ್ದೇನೆ.

👉 *ತೀವ್ರ ಅಸ್ತಮಾಕ್ಕೆ.* ಬೇರೆ ಔಷಧಿಗೆ ಬಗ್ಗದಿದ್ದಾಗ ಡ್ರಿಪ್ಪಿನಲ್ಲಿ ನಿಧಾನವಾಗಿ ಕೊಡುತ್ತೇವೆ.

ಹೇಗೆ ಕೆಲಸ ಮಾಡುತ್ತದೆ? ಸ್ನಾಯು ಬಿಗಿಯಾಗಲು, ನರ ಸಂದೇಶ ಕಳುಹಿಸಲು ಜೀವಕೋಶದೊಳಗೆ ಕ್ಯಾಲ್ಸಿಯಂ ಹೋಗಬೇಕು. ಮೆಗ್ನೀಸಿಯಂ ಆ ಬಾಗಿಲಲ್ಲಿ ನಿಂತು ತಡೆಯುತ್ತದೆ. ಅತಿಯಾಗಿ ಕೆರಳಿದ ನರ, ಸ್ನಾಯು, ಹೃದಯ ಶಾಂತವಾಗುತ್ತವೆ. ಆದರೆ ಮೆಗ್ನೀಸಿಯಂ ಮಿತಿ ಮೀರಿದರೆ ಈ ಶಾಂತಿಯೇ ಅಪಾಯ. ಮೊದಲು ಮಂಡಿಯ ಚಿಮ್ಮುವಿಕೆ ಹೋಗುತ್ತದೆ, ಆಮೇಲೆ ಉಸಿರಾಟದ ಸ್ನಾಯು ಸೋಲುತ್ತದೆ, ಕೊನೆಗೆ ಹೃದಯ ನಿಲ್ಲುತ್ತದೆ.

ಅದಕ್ಕೇ ಆಸ್ಪತ್ರೆಯಲ್ಲಿ ಗರ್ಭಿಣಿಗೆ ಇದನ್ನು ಕೊಡುವಾಗ ನರ್ಸ್ ಮತ್ತೆ ಮತ್ತೆ ಮೂರು ವಿಷಯ ನೋಡುತ್ತಿರುತ್ತಾರೆ: ಮಂಡಿ ಚಿಮ್ಮುತ್ತಿದೆಯೇ, ಉಸಿರು ಸರಿಯಿದೆಯೇ, ಮೂತ್ರ ಸಾಕಷ್ಟು ಬರುತ್ತಿದೆಯೇ. ಪಕ್ಕದಲ್ಲಿ ಕ್ಯಾಲ್ಸಿಯಂ ಇಂಜೆಕ್ಷನ್ ಸಿದ್ಧವಿರುತ್ತದೆ. ಮನೆಯಲ್ಲಿ ಲೋಟದಲ್ಲಿ ಕಲಸಿ ಕುಡಿದವರ ಮಂಡಿಯನ್ನು ಯಾರು ನೋಡುತ್ತಾರೆ?

*ನಾವು ಡಾಕ್ಟರುಗಳೂ ತಪ್ಪು ಲೆಕ್ಕ ಹಾಕಿದ್ದೆವು*

ಹಾರ್ಟ್ ಅಟ್ಯಾಕ್ ಆದ ಎಲ್ಲರಿಗೂ ಇದನ್ನು ಕೊಟ್ಟರೆ ಒಳ್ಳೆಯದು ಎಂದು ಒಂದು ಕಾಲದಲ್ಲಿ ನಮ್ಮವರೇ ನಂಬಿದ್ದರು. 1992ರಲ್ಲಿ ಸುಮಾರು 2,300 ರೋಗಿಗಳ ಅಧ್ಯಯನವೊಂದು ಸಾವು ಕಾಲುಭಾಗದಷ್ಟು ಕಡಿಮೆಯಾಯಿತು ಎಂದಿತು. ಎಲ್ಲರಿಗೂ ಖುಷಿ. ಆದರೆ 1995ರಲ್ಲಿ 58,000ಕ್ಕೂ ಹೆಚ್ಚು ರೋಗಿಗಳ ಐಸಿಸ್-4 ಅಧ್ಯಯನ ಬಂತು, ಲಾಭ ಕಾಣಲಿಲ್ಲ. 2002ರಲ್ಲಿ ಸುಮಾರು 6,200 ರೋಗಿಗಳ ಇನ್ನೊಂದು ಅಧ್ಯಯನದಲ್ಲೂ ಲಾಭವಿಲ್ಲ. ಎಲ್ಲರಿಗೂ ಕೊಡುವುದನ್ನು ನಿಲ್ಲಿಸಿದೆವು.

ಇದನ್ನು ಯಾಕೆ ಹೇಳಿದೆ? ಸಾವಿರಾರು ರೋಗಿಗಳ ಅಧ್ಯಯನವೇ ಒಮ್ಮೊಮ್ಮೆ ದಾರಿ ತಪ್ಪಿಸುತ್ತದೆ. "ನಮ್ಮ ಪಕ್ಕದ ಮನೆಯವರು ಕುಡಿದರು, ಗುಣವಾಯಿತು" ಎನ್ನುವ ಒಂದು ಮೆಸೇಜನ್ನು ನಂಬಿ ಅಮ್ಮನಿಗೆ ಕೊಡುವುದು ಎಷ್ಟು ಸರಿ?

*ಹಾಗಾದರೆ ಬೆಳಿಗ್ಗೆ ಬರುವ ಹಸಿರು ಕಲ್ಲುಗಳು?*

ಮೆಸೇಜಿನ ಜೊತೆ ಫೋಟೋ ಬರುತ್ತದೆ, ಮಲದಲ್ಲಿ ಬಂದ ಹಸಿರು ಉಂಡೆಗಳು. ಜನ ನಂಬುವುದು ಅದನ್ನು ನೋಡಿಯೇ. 2005ರಲ್ಲಿ ನ್ಯೂಜಿಲೆಂಡಿನ ವೈದ್ಯರು ಇಂಥ "ಕಲ್ಲು"ಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಅವುಗಳಲ್ಲಿ ಕೊಲೆಸ್ಟ್ರಾಲ್ ಇಲ್ಲ, ಪಿತ್ತದ ಬಣ್ಣವಿಲ್ಲ, ಕ್ಯಾಲ್ಸಿಯಂ ಇಲ್ಲ. 40 ಡಿಗ್ರಿಗೆ ಬಿಸಿ ಮಾಡಿದರೆ ಕರಗಿ ಎಣ್ಣೆಯಾದವು. ಕುಡಿದ ಆಲಿವ್ ಎಣ್ಣೆ ಮತ್ತು ನಿಂಬೆರಸವೇ ಹೊಟ್ಟೆಯೊಳಗೆ ಸಾಬೂನಿನ ಉಂಡೆಗಳಾಗಿದ್ದವು. ಯಾರು ಕುಡಿದರೂ, ಪಿತ್ತಕೋಶದಲ್ಲಿ ಒಂದೂ ಕಲ್ಲಿಲ್ಲದವರು ಕುಡಿದರೂ, ಇಂಥ ಉಂಡೆಗಳು ಬರಬಹುದು.

ನಿಜವಾದ ಕಲ್ಲು ಇರುವವರಿಗೆ ಇನ್ನೊಂದು ಅಪಾಯವಿದೆ. ಅಷ್ಟು ಎಣ್ಣೆ ಒಮ್ಮೆಲೇ ಕುಡಿದರೆ ಪಿತ್ತಕೋಶ ಜೋರಾಗಿ ಹಿಂಡುತ್ತದೆ. ಕಲ್ಲು ಜಾರಿ ನಾಳದಲ್ಲಿ ಸಿಕ್ಕಿಕೊಳ್ಳಬಹುದು. ಲಿವರ್ ತನ್ನನ್ನು ತಾನೇ ಶುದ್ಧ ಮಾಡಿಕೊಳ್ಳುತ್ತದೆ. ಅದಕ್ಕೆ ವರ್ಷಕ್ಕೊಮ್ಮೆ ಸುಣ್ಣ ಬಳಿಯಬೇಕಾಗಿಲ್ಲ!

*ನೀವು ಕೇಳಿದ ಪ್ರಶ್ನೆಗಳು*

*ಪ್ರಶ್ನೆ:* ಮಲಬದ್ಧತೆಗೆ ಒಂದು ಚಮಚ ತಗೊಳ್ಳಬಹುದೇ?
*ಉತ್ತರ:* ಇದು ಕರುಳಿಗೆ ನೀರು ಎಳೆದು ಭೇದಿ ಮಾಡಿಸುತ್ತದೆ, ಹಿಂದೆ ಬಳಸುತ್ತಿದ್ದದ್ದು ನಿಜ. ಈಗ ಇದಕ್ಕಿಂತ ಸುರಕ್ಷಿತವಾದವು ಇವೆ. ಇಸಬಗೋಲು, ಲ್ಯಾಕ್ಟುಲೋಸ್ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ. ತೀರಾ ಮಲಬದ್ಧತೆ ಇರುವವರಲ್ಲಿ ಮೆಗ್ನೀಸಿಯಂ ಕರುಳಿನಲ್ಲೇ ಹೆಚ್ಚು ಹೊತ್ತು ನಿಂತು ಇನ್ನೂ ಹೆಚ್ಚು ರಕ್ತಕ್ಕೆ ಸೇರುತ್ತದೆ.

*ಪ್ರಶ್ನೆ:* ಸಂಜೆ ಬಿಸಿನೀರಿಗೆ ಹಾಕಿ ಕಾಲು ಇಟ್ಟುಕೊಂಡರೆ ಹಿತವಾಗುತ್ತದೆ. ತಪ್ಪೇ?
*ಉತ್ತರ:* ತಪ್ಪಿಲ್ಲ. ಎಂಟು ಹತ್ತು ಗಂಟೆ ಕಂಪ್ಯೂಟರ್ ಮುಂದೆ ಕೂತ ಸೆಕ್ಟರ್ ಫೈವ್‌ನ ಮಕ್ಕಳೂ ಇದನ್ನು ಕೇಳುತ್ತಾರೆ. ಹಿತ ಕೊಡುವುದು ಬಹುಪಾಲು ಬಿಸಿನೀರು ಮತ್ತು ವಿಶ್ರಾಂತಿ. ಚರ್ಮದ ಮೂಲಕ ಬೇಕಾದಷ್ಟು ಮೆಗ್ನೀಸಿಯಂ ಒಳಗೆ ಹೋಗುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಶುಗರಿನಿಂದ ಪಾದ ಜೋಮು ಹಿಡಿದಿರುವವರು ಮಾತ್ರ ಬೇಡ, ಬಿಸಿ ಗೊತ್ತಾಗದೆ ಸುಟ್ಟುಕೊಳ್ಳುತ್ತಾರೆ. ಪಾದದಲ್ಲಿ ಗಾಯವಿದ್ದರೂ ಬೇಡ.

*ಪ್ರಶ್ನೆ:* ಮೆಗ್ನೀಸಿಯಂ ಕಡಿಮೆಯಾದರೂ ಹೃದಯಕ್ಕೆ ತೊಂದರೆ ಅಲ್ಲವೇ?
*ಉತ್ತರ:* ಹೌದು, ಒಳ್ಳೆಯ ಪ್ರಶ್ನೆ. ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುವವರು, ಹೆಚ್ಚು ಮದ್ಯ ಕುಡಿಯುವವರು, ತುಂಬಾ ದಿನ ಭೇದಿಯಾದವರಲ್ಲಿ ಕಡಿಮೆಯಾಗುತ್ತದೆ. ಇನ್ನೊಂದು ಗುಂಪು ಇದೆ. ಇಲ್ಲಿ ಬಂಗಾಳದಲ್ಲಿ ಸಿಕ್ಕವರೆಲ್ಲ "ಗ್ಯಾಸ್, ಅಂಬಲ" ಎನ್ನುತ್ತಾರೆ, ಊರಲ್ಲಿ ನಾವು "ಗ್ಯಾಸ್ಟ್ರಿಕ್" ಎನ್ನುತ್ತೇವೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ವರ್ಷಗಟ್ಟಲೆ ನುಂಗುವವರಲ್ಲೂ ಮೆಗ್ನೀಸಿಯಂ ಇಳಿಯಬಹುದು. ಅನುಮಾನವಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಎಪ್ಸಮ್ ಸಾಲ್ಟ್ ಕುಡಿಯುವುದು ಅದಕ್ಕೆ ಪರಿಹಾರವಲ್ಲ. ಭೇದಿಯಾಗಿ ಪೊಟ್ಯಾಸಿಯಂ ಕೂಡ ಹೋಗಿಬಿಡುತ್ತದೆ.

*ಪ್ರಶ್ನೆ:* ಊಟದಲ್ಲಿ ಸಿಗುವುದಿಲ್ಲವೇ?
*ಉತ್ತರ:* ಧಾರಾಳವಾಗಿ ಸಿಗುತ್ತದೆ. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 140 ಮಿಲಿಗ್ರಾಂ ಇದೆ. ಹುರುಳಿ, ಶೇಂಗಾ, ಎಳ್ಳು, ಕುಂಬಳ ಬೀಜ, ಸೊಪ್ಪು ಎಲ್ಲದರಲ್ಲೂ ಇದೆ. ಕಿಡ್ನಿ ಚೆನ್ನಾಗಿರುವವರಿಗೆ ಊಟದ ಮೆಗ್ನೀಸಿಯಂನಿಂದ ಅಪಾಯವಿಲ್ಲ, ಹೆಚ್ಚಾದದ್ದನ್ನು ಕಿಡ್ನಿ ಹೊರಹಾಕುತ್ತದೆ.

*ಯಾರು ಖಂಡಿತ ಕುಡಿಯಬಾರದು?* ❌

▪️ ಕಿಡ್ನಿ ತೊಂದರೆ ಇರುವವರು, ಕ್ರಿಯಾಟಿನಿನ್ ಹೆಚ್ಚಿರುವವರು
▪️ ಕಿಡ್ನಿ ಹೇಗಿದೆ ಎಂದು ಪರೀಕ್ಷೆ ಮಾಡಿಸದ ಶುಗರ್, ಬಿಪಿ ರೋಗಿಗಳು
▪️ ವಯಸ್ಸಾದವರು, ಗರ್ಭಿಣಿಯರು, ಮಕ್ಕಳು
▪️ ಹೃದಯ ದುರ್ಬಲವಾಗಿರುವವರು, ನಾಡಿ ನಿಧಾನ ಇರುವವರು
▪️ ಹೊಟ್ಟೆನೋವು, ವಾಂತಿ, ಹೊಟ್ಟೆ ಉಬ್ಬರ ಇರುವವರು
▪️ ಸ್ನಾಯು ದೌರ್ಬಲ್ಯದ ಕಾಯಿಲೆ ಇರುವವರು

ಉಳಿದವರೂ "ಕ್ಲೀನಿಂಗ್" ಹೆಸರಿನಲ್ಲಿ ಕುಡಿಯಬೇಕಾದ ಅಗತ್ಯವೇ ಇಲ್ಲ.

*ಯಾರಾದರೂ ಕುಡಿದುಬಿಟ್ಟಿದ್ದರೆ?* 🚑

ಮಂಪರು, ಮೈಯೆಲ್ಲ ಶಕ್ತಿಹೀನತೆ, ಮಾತು ತೊದಲುವುದು, ನಾಡಿ ನಿಧಾನ, ಬಿಪಿ ಇಳಿಯುವುದು, ಉಸಿರು ಸಣ್ಣದಾಗುವುದು, ಇವುಗಳಲ್ಲಿ ಯಾವುದಿದ್ದರೂ ಮನೆಮದ್ದು ಹುಡುಕಬೇಡಿ. 108 ಅಥವಾ 112ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಪ್ಯಾಕೆಟ್ ಜೊತೆಗೆ ತೆಗೆದುಕೊಂಡು ಹೋಗಿ. ಎಷ್ಟು ಚಮಚ, ಎಷ್ಟು ಗಂಟೆಗೆ ಎಂದು ಸ್ಪಷ್ಟವಾಗಿ ಹೇಳಿ. ನಾಚಿಕೆಪಟ್ಟು ಮುಚ್ಚಿಡಬೇಡಿ. ಆ ಹುಡುಗ ಮೊಬೈಲ್ ತೋರಿಸದೆ ಇದ್ದಿದ್ದರೆ ನಮಗೆ ಕಾರಣ ಹುಡುಕಲು ಇನ್ನೂ ಎಷ್ಟು ಹೊತ್ತು ಬೇಕಾಗುತ್ತಿತ್ತೋ! ರಕ್ತದ ಮೆಗ್ನೀಸಿಯಂ ಪರೀಕ್ಷೆಯನ್ನು ಎಲ್ಲ ರೋಗಿಗಳಿಗೂ ತಾನಾಗಿ ಮಾಡುವುದಿಲ್ಲ.

*ಕೊನೆಯ ಮಾತು*

ನಾನಿರುವ ಈ ಜಾಗದ ಹೆಸರೇ ಸಾಲ್ಟ್ ಲೇಕ್, ಉಪ್ಪಿನ ಕೆರೆ. ಉಪ್ಪುನೀರಿನ ಜೌಗಿಗೆ 1960ರ ದಶಕದಲ್ಲಿ ಹೂಗ್ಲಿ ನದಿಯ ಹೂಳು ತುಂಬಿ ಈ ಬಡಾವಣೆ ಕಟ್ಟಿದರು. ಆ ಯೋಜನೆಯ ಹಿಂದೆ ಇದ್ದವರು ಮುಖ್ಯಮಂತ್ರಿಯಾಗಿದ್ದ ಡಾ. ಬಿಧಾನ್ ಚಂದ್ರ ರಾಯ್. ಜುಲೈ 1ರಂದು ನೀವೆಲ್ಲ ನನಗೆ ಡಾಕ್ಟರ್ಸ್ ಡೇ ಶುಭಾಶಯ ಕಳುಹಿಸುತ್ತೀರಲ್ಲ, ಅದು ಅವರ ಹುಟ್ಟಿದ ದಿನ. ಮುಂದಿನ ಸಲ ಶುಭಾಶಯದ ಜೊತೆ ನನಗೊಂದು ಉಡುಗೊರೆ ಕೊಡಿ: ಯಾವುದಾದರೂ ಮದ್ದಿನ ಮೆಸೇಜನ್ನು ಮುಂದಕ್ಕೆ ಕಳುಹಿಸುವ ಮುಂಚೆ ಒಂದು ಸಲ ಡಾಕ್ಟರನ್ನು ಕೇಳಿ.

ಆ ತಾಯಿ ಈಗ ಊರಿಗೆ ಹೋಗಿದ್ದಾರೆ. ಹೋಗುವ ಮುಂಚೆ ತೋರಿಸಿಕೊಳ್ಳಲು ಬಂದಿದ್ದರು. "ಗ್ರೂಪಿಗೆ ನಾನೇ ವಾಯ್ಸ್ ಮೆಸೇಜ್ ಹಾಕೀನಿ ಡಾಕ್ಟ್ರೇ, ಯಾರೂ ಕುಡೀಬ್ಯಾಡ್ರಿ ಅಂತ" ಎಂದರು. ನನ್ನ ಇಷ್ಟುದ್ದದ ಲೇಖನಕ್ಕಿಂತ ಅವರ ಆ ಒಂದು ಮಾತು ಹೆಚ್ಚು ಜನರನ್ನು ಉಳಿಸಬಹುದು.

ನಿಮ್ಮ ಮನೆಯ ಹಿರಿಯರಿಗೆ ಇದನ್ನು ಓದಿ ಹೇಳಿ. ಆ ಹಳೆಯ ಮೆಸೇಜ್ ಬಂದಿರುವ ಗ್ರೂಪಿಗೆ ಇದನ್ನೂ ಕಳುಹಿಸಿ.

ಮುಂದಿನ ಭಾನುವಾರ: ಪೊಟ್ಯಾಸಿಯಂ ಮತ್ತು ಎಳನೀರು – ಹೃದ್ರೋಗಿಗಳು ಎಷ್ಟು ಕುಡಿಯಬಹುದು?

ಆರೋಗ್ಯವಾಗಿರಿ 🙏
– ನಿಮ್ಮ ಹೃದಯದ ಡಾಕ್ಟರು, ಎಂ.ಡಿ.
ಸೆಕ್ಟರ್ ಫೈವ್, ಕೋಲ್ಕತ್ತಾ

(ಈ ಲೇಖನ ತಿಳಿವಳಿಕೆಗಾಗಿ ಮಾತ್ರ. ನಿಮ್ಮ ಔಷಧಿಯನ್ನು ನಿಮ್ಮ ವೈದ್ಯರನ್ನು ಕೇಳದೆ ಬದಲಿಸಬೇಡಿ, ನಿಲ್ಲಿಸಬೇಡಿ.)